ಗಾಜಿನ ಜೊತೆ ಹೋದ ಸ್ಟಿಕ್ಕರ್

ಹೊಗೆ ತಪಾಸಣೆ ಎಂದರೆ ಯಾರೋ ಗಾಡಿಯ ಹಿಂದೆ ಬಗ್ಗಿ ಮೂಸಿ ನೋಡುತ್ತಾರೆ ಎಂದೇ ಕನ್ನಡಕ ಕಂಪನಿಯ ಸೇಲ್ಸ್‌ಮನ್ ಮೊದಲ ವರ್ಷ ನಂಬಿದ್ದ. ಹಳೇ ಕಾರು ಕೊಂಡ ಹೊಸತು. ಸೈಲೆನ್ಸರಿನ ಬಾಯಿಯನ್ನು ಸೋಪು ಹಾಕಿ ಉಜ್ಜಿ, ಒಳಕ್ಕೆ ಅರ್ಧ ಬಾಟಲಿ ಸೆಂಟು ಹೊಡೆದುಕೊಂಡು ಹೋಗಿದ್ದ. ತಪಾಸಣೆ ಶೆಡ್ಡಿನ ಹೆಂಗಸು ಬಗ್ಗಿದವಳು ಹಾಗೇ ಎದ್ದು ನಿಂತು, "ಏನಪ್ಪಾ, ಇವತ್ತು ಗಾಡಿಗೆ ಮದುವೆನಾ?" ಎಂದಿದ್ದಳು. ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆಕೆಯನ್ನು ಎಲ್ಲರೂ ಕರೆಯುವುದು ಹೊಗೆಯಕ್ಕ ಎಂದು. ಇಪ್ಪತ್ತೆರಡು ವರ್ಷದಿಂದ ಅದೇ ತಗಡಿನ ಶೆಡ್ಡು, ಅದೇ ಕಾಲು ಅಲ್ಲಾಡುವ ಸ್ಟೂಲು. ಮೆಷಿನ್ನು ಅಂಕಿ ತೋರಿಸುವ ಮೊದಲೇ ಸೈಲೆನ್ಸರಿನೊಳಗೆ ತೋರುಬೆರಳು ಆಡಿಸಿ, ಮಸಿಯನ್ನು ಹೆಬ್ಬೆರಳಿಗೆ ತಿಕ್ಕಿ, ಪಾಸೋ ಫೇಲೋ ಹೇಳಿಬಿಡುವಳು. ಆಮೇಲೆ ಮೆಷಿನ್ನು ಅವಳ ಮಾತಿಗೆ ಹೂಂಗುಟ್ಟುವುದು. ಪಾಸಾದರೆ ಸ್ಟಿಕ್ಕರನ್ನು ತಾನೇ ಗಾಜಿನ ಒಳಮೂಲೆಗೆ, ಗುಳ್ಳೆ ಬಾರದ ಹಾಗೆ, ಅಂಗೈಯಿಂದ ಒತ್ತಿ ಅಂಟಿಸುವಳು. ಮಾಲೀಕರ ಕೈಗೆ ಕೊಡುವ ಮಾತೇ ಇಲ್ಲ. ಟೈಲರ್ ಗಂಡ ಬಿಳಿ ಬಟ್ಟೆ ಹೊಲಿಯುವ ದಿನ ಆಕೆಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲವಂತೆ.

ಈ ವರ್ಷ ಸೇಲ್ಸ್‌ಮನ್ನಿಗೆ ಕಾಟ ಬಂದದ್ದು ಒಂದು ಕಲ್ಲಿನಿಂದ. ಲಾರಿ ಚಕ್ರದಿಂದ ಸಿಡಿದು ಮುಂದಿನ ಗಾಜು ಸೀಳಿತು. ಹೊಸದು ಹಾಕಿಸಿದ, ಹಳೇ ಗಾಜಿನ ಜೊತೆ ಸ್ಟಿಕ್ಕರೂ ಗುಜರಿಗೆ ಹೋಯಿತು. ಊರವರ ಕಣ್ಣಿಗೆಲ್ಲ ಗಾಜು ಮಾರುವವನಿಗೆ ತನ್ನ ಗಾಜಿನ ಮೂಲೆ ಖಾಲಿ ಇರುವುದು ವಾರವಾದರೂ ಕಾಣಲಿಲ್ಲ. ಮ್ಯಾನೇಜರನಿಗೆ ಕಂಡಿತು.

"ಸೋಮವಾರ ಸ್ಟಿಕ್ಕರ್ ಇಲ್ಲದ ಗಾಡಿ ತಂದ್ರೆ ನಿನ್ನ ರೂಟು ಬೇರೆಯವನಿಗೆ."

ಮೂರು ವರ್ಷ ಅಂಗಡಿ ಅಂಗಡಿ ಅಲೆದು ಕಟ್ಟಿದ ರೂಟು. ಶನಿವಾರ ಬೆಳಿಗ್ಗೆಯೇ, ಹೋದ ಸಲ ಪಾಸಾದಾಗ ಕೊಟ್ಟ ಸರ್ಟಿಫಿಕೇಟು ಹಿಡಿದು ಶೆಡ್ಡಿಗೆ ಓಡಿದ. ಶೆಡ್ಡಿನ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದ ನೀಲಿ ಕಾರಿನ ಬಾನೆಟ್ಟನ್ನೇ ಮೇಜು ಮಾಡಿಕೊಂಡು ಅರ್ಜಿ ತುಂಬಿದ.

"ಅಕ್ಕಾ, ಸರ್ಟಿಫಿಕೇಟು ಇನ್ನೂ ನಾಲ್ಕು ತಿಂಗಳು ಇದೆ. ಸ್ಟಿಕ್ಕರ್ ಒಂದು ಕೊಟ್ರೆ ಸಾಕು."

"ಹಳೇ ಸ್ಟಿಕ್ಕರಿನ ಚೂರು ತಂದಿದ್ದೀಯಾ?"

"ಗುಜರಿಗೆ ಹೋಯ್ತು."

"ಹಾಗಾದ್ರೆ ಮತ್ತೆ ಟೆಸ್ಟು."

"ಒಡೆದಿದ್ದು ಗಾಜು ಕಣಕ್ಕಾ, ಇಂಜಿನ್ನಲ್ಲ!"

"ರೂಲ್ಸ್ ಬರೆದೋರ ಹತ್ರ ಹೋಗಿ ಕೂಗಾಡು. ಈ ಮೆಷಿನ್ನಿಗೆ ಕಿವಿ ಇಲ್ಲ."

ಹಲ್ಲು ಕಚ್ಚಿಕೊಂಡು ಎರಡು ಗಂಟೆ ಸಾಲಿನಲ್ಲಿ ನಿಂತ. ಸರದಿ ಬಂದಾಗ ಹೊಗೆಯಕ್ಕ ಬೆರಳು ಆಡಿಸಿದಳು, ತಿಕ್ಕಿದಳು, ಮುಖ ಸಿಂಡರಿಸಿದಳು. ಮೆಷಿನ್ನು ಹೂಂಗುಟ್ಟಿತು.

"ಫೇಲು. ಏರ್ ಫಿಲ್ಟರ್ ಕಟ್ಟಿಕೊಂಡಿದೆ, ಬದಲಾಯಿಸಿ ಬುಧವಾರ ಬಾ. ಇವತ್ತು ಈ ಸಾಲು ಮುಗಿದ್ರೆ ಮುಚ್ಚೋದೇ, ನಾಳೆ ರಜಾ. ಸೋಮವಾರ, ಮಂಗಳವಾರ ಮೆಷಿನ್ ಸರ್ವೀಸಿಗೆ ಹೋಗುತ್ತೆ."

ಅವನಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಆದರೂ ದನಿ ಇಳಿಸಿದ. "ಸೋಮವಾರ ನನ್ನ ರೂಟೇ ಹೋಗುತ್ತಕ್ಕಾ. ಫಿಲ್ಟರ್ ಇವತ್ತೇ ಹಾಕಿಸ್ತೀನಿ, ನಿಮ್ಮಾಣೆ. ಈಗೊಂದು ಅಂಟಿಸಿಬಿಡಿ."

"ಆಗಲ್ಲ."

ಬಾಯಿಗೆ ಬಂದದ್ದನ್ನು ನುಂಗಲು ನೋಡಿದ. ಆಗಲಿಲ್ಲ. ಸಾಲಿಗೆಲ್ಲ ಕೇಳುವಂತೆ ಕೇಳಿಯೇಬಿಟ್ಟ: "ನಿಮ್ಮ ಸ್ವಂತ ಗಾಡಿ ಆಗಿದ್ರೂ ಹೀಗೇ ಫೇಲ್ ಮಾಡ್ತಿದ್ರಾ?"

ಹೊಗೆಯಕ್ಕ ಮಸಿ ಬೆರಳನ್ನು ಒರೆಸಿಕೊಳ್ಳದೆ, ಅವನು ಅರ್ಜಿ ತುಂಬಿದ್ದ ನೀಲಿ ಕಾರಿನತ್ತ ಚಾಚಿದಳು.

"ಅದು ನಂದೇ. ಹೋದ ವರ್ಷ ನಾನೇ ಫೇಲ್ ಮಾಡಿದ್ದು. ನಾನು ಬಸ್ಸಲ್ಲಿ ಬರ್ತೀನಿ. ಸೋಮವಾರ ನೀನೂ ಬಸ್ ಹತ್ತು."