ಜಾಝ್ ವಾರದ ಮಳೆ

ಚಿಕ್ಕಮಗಳೂರಿನ ರೇಡಿಯೋ ನಿಲಯದಲ್ಲಿ ನಾನು ಗಂಟೆ ಹೇಳುವವಳಾಗಿದ್ದೆ. ಹೆಸರಿಗೆ ಉದ್ಘೋಷಕಿ, ಅದೂ ತಾತ್ಕಾಲಿಕ. "ಈಗ ಸಮಯ ಹನ್ನೊಂದು ಗಂಟೆ" ಎನ್ನುವುದು, ಹಾಡು ಬರೆದವರ ಹೆಸರು, ಹಾಡಿದವರ ಹೆಸರು ಹೇಳುವುದು, ಬಾಯಿ ಮುಚ್ಚುವುದು. ಮೂಡಿಗೆರೆಯ ನಮ್ಮ ದಿನಸಿ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಬೆಳಗಿನಿಂದ ಸಂಜೆವರೆಗೆ ಹರಟೆ ಹೊಡೆದು ಬೆಳೆದ ನನಗೆ ಇದೊಂದು ಶಿಕ್ಷೆ. ಅಷ್ಟು ದೂರ ಬಸ್ಸಿನಲ್ಲಿ ನೇತಾಡಿಕೊಂಡು ಬರುವುದು ಗಡಿಯಾರ ಓದಲಿಕ್ಕಾ? ಗಡಿಯಾರ ಎಲ್ಲರ ಮನೆಯಲ್ಲೂ ಇದೆ. ನನಗೆ ಬೇಕಾಗಿದ್ದುದು ನನ್ನದೇ ಒಂದು ಕಾರ್ಯಕ್ರಮ, ನನಗೆ ತೋಚಿದ್ದನ್ನು ನನ್ನ ಬಾಯಿಂದ ಹೇಳುವಂಥದ್ದು. ಅದಕ್ಕಾಗಿ ಎರಡು ವರ್ಷದಿಂದ ನಿಲಯದ ಮುಖ್ಯಸ್ಥರ ಬೆನ್ನು ಬಿದ್ದಿದ್ದೆ.

ಮುಖ್ಯಸ್ಥರು ಬಯಲುಸೀಮೆಯವರು. ಡಿಸೆಂಬರ್ ಬಂತೆಂದರೆ ಮಂಕಿ ಕ್ಯಾಪು, ಅದರ ಮೇಲೊಂದು ಮಫ್ಲರು, ಮಧ್ಯಾಹ್ನವೂ ತೆಗೆಯುತ್ತಿರಲಿಲ್ಲ. ಒಳ್ಳೆಯವರೇ, ಆದರೆ ನಗುವುದೆಂದರೆ ಅವರಿಗೆ ಮೇಲಿನವರ ಅಪ್ಪಣೆ ಬೇಕೇನೋ ಎನ್ನಿಸುತ್ತಿತ್ತು. "ಈ ಗುಡ್ಡದ ಜನ ರೇಡಿಯೋದಲ್ಲಿ ಹವಾಮಾನ ಬಿಟ್ಟು ಬೇರೇನೂ ಕೇಳೋದಿಲ್ಲಮ್ಮ. ನಿನ್ನ ಮಾತು ಯಾರಿಗೆ ಬೇಕು?" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು ಅದು. ಪ್ಲಾಂಟರುಗಳ ಕ್ಲಬ್ಬೊಂದು ಹೊಸ ಸಿ.ಡಿ. ಪ್ಲೇಯರ್ ತಂದು, ತನ್ನ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ನಮ್ಮ ನಿಲಯಕ್ಕೆ ಕೊಟ್ಟು ಕೈತೊಳೆದುಕೊಂಡಿತು. ಎಲ್ಲ ಜಾಝ್. ಮುಖ್ಯಸ್ಥರು ಪೆಟ್ಟಿಗೆಗಳನ್ನು ಉಗ್ರಾಣಕ್ಕೆ ತಳ್ಳಿಸಿದರು. ನಾನು ಊಟದ ಬಿಡುವಿನಲ್ಲಿ ಒಂದೊಂದೇ ತಟ್ಟೆ ಒರೆಸಿ ಕೇಳತೊಡಗಿದೆ. ಮೊದಲ ದಿನ ತಲೆಬುಡ ಅರ್ಥವಾಗಲಿಲ್ಲ. ಮೂರನೆಯ ದಿನ ಒಬ್ಬಳೇ ಕೂತು ನಗುತ್ತಿದ್ದೆ. ಒಬ್ಬ ತುತ್ತೂರಿಯಲ್ಲಿ ಏನೋ ಶುರುಮಾಡುತ್ತಾನೆ, ಇನ್ನೊಬ್ಬ ಅದನ್ನು ಅರ್ಧದಲ್ಲೇ ಕಿತ್ತುಕೊಂಡು ತನ್ನದನ್ನು ಸೇರಿಸುತ್ತಾನೆ, ಪಿಯಾನೋದವನು ನಡುವೆ ಕಾಲೆಳೆಯುತ್ತಾನೆ, ಕೊನೆಗೆ ಎಲ್ಲರೂ ಹೊರಟಲ್ಲಿಗೇ ಬಂದು ಸೇರುತ್ತಾರೆ. ನಮ್ಮ ಅಂಗಡಿಕಟ್ಟೆಯ ಮಾತುಕತೆ ಅಂದರೆ ಇದೇ! ನನಗೆ ಜಾಝ್ ಮೇಲೆ ಪ್ರೀತಿ ಹುಟ್ಟಿದ್ದು ಹೀಗೆ.

ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ನಿಲಯದಲ್ಲಿ ಅರ್ಧಕ್ಕರ್ಧ ಜನ ರಜೆ. ಮಧ್ಯಾಹ್ನ ಹನ್ನೆರಡರ ಭಾಷಣಗಳನ್ನು ಸಿದ್ಧಮಾಡುವವರೂ ಊರಿಗೆ ಹೊರಟರು. ಸಂದು ಸಿಕ್ಕಿತೆಂದು ನಾನು ಮುಖ್ಯಸ್ಥರ ಮುಂದೆ ನಿಂತೆ. ರಜೆಯ ವಾರ, ಹಬ್ಬದ ವಾರ, ದಿನಾ ಹನ್ನೆರಡರಿಂದ ಹವಾಮಾನ ವರದಿಯವರೆಗೆ ಜಾಝ್ ಹಾಕುತ್ತೇನೆ, ನಡುನಡುವೆ ಮಾತಾಡುತ್ತೇನೆ ಎಂದೆ.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಎಂದರು.

"ನಮ್ಮೂರಿನವರು ಕೋಣಗಳಾ ಸಾರ್?"

ಅವರು ಮಫ್ಲರ್ ಬಿಗಿಮಾಡಿಕೊಂಡರು. "ಆಯ್ತು, ಒಂದು ವಾರ. ಆದ್ರೆ ಯಾರಾದ್ರೂ ಕೇಳ್ತಿದಾರೆ ಅನ್ನೋದು ನಂಗೆ ಗೊತ್ತಾಗ್ಬೇಕು. ಗೊತ್ತಾದ್ರೆ ಹೊಸ ವರ್ಷದಿಂದಲೂ ಆ ಹೊತ್ತು ನಿಂದೇ. ಇಲ್ಲಾಂದ್ರೆ ಮತ್ತೆ ಗಂಟೆ ಹೇಳ್ಕೊಂಡು ಇರ್ಬೇಕು, ನನ್ನ ತಲೆ ತಿನ್ನಬಾರ್ದು."

ಆ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ, ಖುಷಿಗೆ.

ಮೊದಲ ದಿನ ಮೈಕಿನ ಮುಂದೆ ಕೂತು, ಜಾಝ್ ಎಂದರೆ ಜಗಲಿಯ ಮೇಲೆ ಕೂತ ಅತ್ತೆಯಂದಿರ ಮಾತಿನ ಹಾಗೆ, ಯಾರೂ ಯಾರನ್ನೂ ಪೂರ್ತಿ ಮಾತಾಡಲು ಬಿಡುವುದಿಲ್ಲ, ಆದರೂ ಎಲ್ಲರಿಗೂ ಎಲ್ಲ ತಿಳಿಯುತ್ತದೆ ಎಂದು ಹೇಳಿದೆ. ನನ್ನ ದನಿ ನನಗೇ ಚೆಂದ ಕೇಳಿಸಿತು. ಕಾರ್ಯಕ್ರಮ ಮುಗಿಸಿ ಬಂದು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಬಂದದ್ದು ಒಂದೇ ಕರೆ, ಗ್ಯಾಸ್ ಸಿಲಿಂಡರ್ ಬುಕ್ ಮಾಡಲಿಕ್ಕೆ. ಅದು ರಾಂಗ್ ನಂಬರು.

ಎರಡನೆಯ ದಿನ ಜಾವಳಿ ಕಡೆಯ ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿದರು. ಕೊನೆಗೂ ಒಬ್ಬರು!

"ಕೇಳಿದ್ರಾ ಸಾರ್ ಕಾರ್ಯಕ್ರಮ?"

"ಕೇಳ್ದೆ ತಾಯಿ. ಆ ಪೀಪಿ ಮುಗ್ಯೋದು ಎಷ್ಟು ಹೊತ್ತಿಗೆ? ಹವಾಮಾನ ಯಾವಾಗ ಹೇಳ್ತೀರಿ?"

ಹವಾಮಾನದ ಚಿಂತೆ ಸುಮ್ಮನೆ ಬಂದದ್ದಲ್ಲ. ಅದು ಕೊಯ್ಲಿನ ಕಾಲ. ಹಣ್ಣು ಕೊಯ್ದು, ಸಿಪ್ಪೆ ತೆಗೆದು, ತೊಳೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟು, ಎಲ್ಲ ಎಸ್ಟೇಟಿನ ಕಣಗಳಲ್ಲಿ ಬಿಸಿಲಿಗೆ ಹರಡಿರುತ್ತದೆ. ಅದರ ಮೇಲೆ ಒಂದು ಮಳೆ ಬಿದ್ದರೆ ಬಣ್ಣ ಕೆಟ್ಟು, ಬೂಷ್ಟು ಹಿಡಿದು ವರ್ಷದ ದುಡಿಮೆ ಮಣ್ಣುಪಾಲು. ಆ ವಾರ ಕಳಸದ ಕಡೆ ಬೆಳಗ್ಗೆ ಬೆಳಗ್ಗೆ ಮೋಡ ಇಣುಕಿ ಹೋಗುತ್ತಿತ್ತು. ಹಾಗಾಗಿ ಪ್ರತಿ ಕಣದಲ್ಲೂ ಗೋಡೌನಿನ ಮೊಳೆಗೆ ಒಂದು ರೇಡಿಯೋ ನೇತುಹಾಕಿ, ವರದಿ ಬರುವವರೆಗೆ ಅದನ್ನು ಹಚ್ಚಿಯೇ ಇಡುತ್ತಿದ್ದರು. ಇದು ನನಗೂ ಗೊತ್ತಿದ್ದದ್ದೇ. ಮಲೆನಾಡಿನಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ?

ಮೂರು, ನಾಲ್ಕನೆಯ ದಿನ ಫೋನು ಕಮಕ್ ಕಿಮಕ್ ಎನ್ನಲಿಲ್ಲ. ಮುಖ್ಯಸ್ಥರು ನನ್ನ ಕುರ್ಚಿಯ ಹತ್ತಿರ ಬಂದು, ಫೋನ್ ನೋಡಿ, ನನ್ನನ್ನು ನೋಡಿ, ಮಫ್ಲರ್ ಬಿಗಿಮಾಡಿಕೊಂಡು ಹೋಗುತ್ತಿದ್ದರು. ಬೈದಿದ್ದರೂ ಆಗುತ್ತಿತ್ತು. ಮನೆಗೆ ಹೋದರೆ ಅಮ್ಮ ಬೇರೆ. ಅಂಗಡಿಯಲ್ಲಿ ಬೆಲ್ಲ ಕಟ್ಟುತ್ತಾ ನನ್ನ ಕಾರ್ಯಕ್ರಮ ಪೂರ್ತಿ ಕೇಳಿದ್ದಳಂತೆ. "ನೀನು ಮಾತಾಡಿದ್ದು ಚೆನ್ನಾಗಿತ್ತು ಮಾರಾಯ್ತಿ. ಮಧ್ಯೆ ಮಧ್ಯೆ ಅದೆಂತ ಗಲಾಟೆ ಹಾಕ್ತೀಯ?" ಎಂದಳು. ನನಗೆ ಅಳು ಬಂತು, ಆಮೇಲೆ ನಗುವೂ ಬಂತು.

ಐದನೆಯ ದಿನ ನಾನು ಹಟ ಹಿಡಿದೆ. ಇವತ್ತು ಇವರನ್ನು ಕೇಳಿಸದೆ ಬಿಡುವುದಿಲ್ಲ ಎಂದುಕೊಂಡು, ಪೆಟ್ಟಿಗೆಯಲ್ಲಿದ್ದ ಅತಿ ಉದ್ದನೆಯ ಡ್ರಮ್ ವಾದನ ತೆಗೆದೆ. ತುತ್ತೂರಿ ತಿಳಿಯದಿದ್ದರೆ ಬೇಡ, ಗುಡುಗು ಸಿಡಿಲು ತಿಳಿಯದ ಮಲೆನಾಡಿನವರು ಇದ್ದಾರಾ? ತಟ್ಟೆ ತಿರುಗುತ್ತಿದ್ದಂತೆ ದನಿ ತಗ್ಗಿಸಿ, ಅದರ ಮೇಲೆಯೇ ಮಾತಾಡತೊಡಗಿದೆ.

"ಚಾರ್ಮಾಡಿ ಕಡೆಯಿಂದ ಮೋಡ ಏಳ್ತಾ ಇದೆ, ಕೇಳಿಸ್ತಾ? ಕಪ್ಪಾಯ್ತು. ಗಾಳಿ ನಿಂತಿತು. ಈಗ ಒಂದು ಹನಿ... ಎರಡು ಹನಿ... ಹೆಂಚಿನ ಮೇಲೆ ಬಿತ್ತು. ಅಯ್ಯೋ, ಬಂತು ನೋಡಿ, ಬಂತು! ಮೂಡಿಗೆರೆ ದಾಟಿತು! ಈ ಮಳೆಯನ್ನು ಹಿಡಿಯುವವರು ಯಾರೂ ಇಲ್ಲ!"

ಡ್ರಮ್ಮಿನವನೂ ನನಗೆ ಮೋಸ ಮಾಡಲಿಲ್ಲ. ಆ ಪುಣ್ಯಾತ್ಮ ಆಕಾಶವೇ ಕಳಚಿ ಬೀಳುವ ಹಾಗೆ ಬಾರಿಸಿದ. ನನಗೆ ರೋಮಾಂಚನ. ಗಾಜಿನ ಆಚೆ ಕೂತ ಎಂಜಿನಿಯರ್ ಕೂಡ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದರು.

ಮುಂದಿನ ತಟ್ಟೆ ಹಚ್ಚಿ ಹೊರಗೆ ಬಂದರೆ ಫೋನು ಹೊಡೆದುಕೊಳ್ಳುತ್ತಿತ್ತು.

"ಏನಮ್ಮ, ಎಲ್ಲಿದೆ ಮಳೆ? ಇಲ್ಲಿ ಬಿಸಿಲು ಸುಡ್ತಾ ಇದೆ! ಒಂದು ಕಣ ಪಾರ್ಚ್‌ಮೆಂಟು ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಿ ಕೂತಿದೀವಿ!"

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಹವಾಮಾನಕ್ಕೆ ಕಾಯುತ್ತಾ ಅರ್ಧ ಕಿವಿ ಕೊಟ್ಟು ಕೇಳುತ್ತಿದ್ದವರಿಗೆ ತುತ್ತೂರಿ, ಡ್ರಮ್ಮು ಯಾವುದೂ ಲೆಕ್ಕಕ್ಕಿರಲಿಲ್ಲ. ಮೋಡ ಎಂದ ಕೂಡಲೇ ಕುಂಟೆ, ಪೊರಕೆ ಹಿಡಿದು ಓಡಿದ್ದಾರೆ.

"ಅದು ಡ್ರಮ್ಮಿನ ವಿಷಯ ಹೇಳಿದ್ದು ಸಾರ್. ತಲೆ ಎತ್ತಿ ಒಂದ್ಸಲ ಆಕಾಶ ನೋಡ್ಬಹುದಿತ್ತಲ್ಲ?"

"ಆಕಾಶ ನಾನೇ ನೋಡೋದಾದ್ರೆ ರೇಡಿಯೋ ಯಾಕೆ ಇಟ್ಕೊಳ್ಲಿ?"

ಕ್ಷಮೆ ಕೇಳಿ ರಿಸೀವರ್ ಇಟ್ಟೆ. ಇಟ್ಟರೆ ಮತ್ತೊಂದು ಕರೆ, ಅದನ್ನು ಇಟ್ಟರೆ ಮಗದೊಂದು. ಕಳಸದವರು, ಜಾವಳಿಯವರು, ನಮ್ಮ ಮೂಡಿಗೆರೆಯ ಆಚೆ ಈಚೆಯ ಎಲ್ಲ ಎಸ್ಟೇಟಿನವರು. ಒಬ್ಬರು ಜೀಪಿನಲ್ಲಿ ಪೇಟೆಗೆ ಹೊರಟಿದ್ದವರು ಅರ್ಧ ದಾರಿಯಿಂದ ವಾಪಸು ಬಂದಿದ್ದರಂತೆ. ಇನ್ನೊಬ್ಬರು ಒಣಗಿದ ಬಟ್ಟೆಯೆಲ್ಲ ಒಳಗೆ ಹಾಕಿಸಿ, ಬೈಯುವುದಕ್ಕೆಂದೇ ಪಕ್ಕದ ಮನೆಗೆ ಬಂದು ಫೋನ್ ಮಾಡಿದ್ದರು. ನನಗೆ ಹೆದರಿಕೆ, ನಗು ಎರಡೂ ಒಟ್ಟಿಗೆ ಒತ್ತರಿಸಿಕೊಂಡು ಬರುತ್ತಿದ್ದವು. ಸೆರಗು ಬಾಯಿಗಿಟ್ಟುಕೊಂಡೇ "ಕ್ಷಮಿಸಿ, ಕ್ಷಮಿಸಿ" ಎನ್ನುತ್ತಿದ್ದೆ.

ಅಷ್ಟರಲ್ಲಿ ಮುಖ್ಯಸ್ಥರು ಬಂದರು. ಎಂಜಿನಿಯರ್ ವಿಷಯ ಹೇಳಿಬಿಟ್ಟಿದ್ದರು. ಮಂಕಿ ಕ್ಯಾಪಿನೊಳಗೆ ಮುಖ ಕೆಂಪಗಾಗಿತ್ತು. ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡು ತಾವೇ ಸಮಾಧಾನ ಹೇಳತೊಡಗಿದರು. "ಹೌದು ಸಾರ್... ತಪ್ಪಾಯ್ತು ಸಾರ್... ಮಳೆ ಇಲ್ಲ ಸಾರ್, ಅದು ಸಂಗೀತ ಸಾರ್..." ನಾನು ಗೋಡೆಗೆ ಒರಗಿ ನಿಂತೆ. ಮುಗಿಯಿತು ನನ್ನ ಕಥೆ ಎನ್ನಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಳೆಯಿಂದ ಮತ್ತೆ ಹನ್ನೊಂದು ಗಂಟೆ, ಹನ್ನೊಂದೂವರೆ ಗಂಟೆ. ಅದೂ ಉಳಿದರೆ.

ಹವಾಮಾನ ವರದಿ ಬಂತು. ಒಣ ಹವೆ ಎಂದಿತು. ಕರೆಗಳು ಕಡಿಮೆಯಾದವು. ಮುಖ್ಯಸ್ಥರು ಬೆವರು ಒರೆಸಿಕೊಳ್ಳಲು ಮಂಕಿ ಕ್ಯಾಪು ತೆಗೆದರು. ಅವರ ತಲೆಕೂದಲನ್ನು ನಾನು ಡಿಸೆಂಬರಿನಲ್ಲಿ ಕಂಡದ್ದು ಅದೇ ಮೊದಲು. ಅವರು ಇನ್ನೇನು ನನ್ನತ್ತ ತಿರುಗಬೇಕು, ಮತ್ತೆ ಫೋನು ಹೊಡೆದುಕೊಂಡಿತು. ಎತ್ತಿ "ಕ್ಷಮಿಸಿ, ಮಳೆ ಇಲ್ಲ" ಎಂದು ಶುರುಮಾಡಿದವರು ಅಲ್ಲೇ ನಿಲ್ಲಿಸಿದರು. ಆ ಕಡೆಯ ಹೆಂಗಸಿನ ದನಿ ಎಷ್ಟು ಗಟ್ಟಿಯಿತ್ತೆಂದರೆ ಗೋಡೆಯ ಹತ್ತಿರವಿದ್ದ ನನಗೂ ಕೇಳಿಸುತ್ತಿತ್ತು.

"ನಾನು ಕಣದಲ್ಲಿ ಕೆಲಸ ಮಾಡೋಳು ಸ್ವಾಮಿ. ನಮ್ಮ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ನಂಬರ್ ಒತ್ತಿ ಕೊಟ್ರು. ಮಳೆ ಹೇಳಿದ ಅಕ್ಕ ಇದಾರಾ?"

"ಏನು ವಿಷಯ, ನನ್ನ ಹತ್ರ ಹೇಳಿ."

"ಬೈಯೋಕಲ್ಲ ಸ್ವಾಮಿ. ಕಾಫಿ ಮುಚ್ಚಾಯ್ತು. ಹವಾಮಾನ ಬರೋವರ್ಗೂ ಬಿಚ್ಚಬೇಡಿ ಅಂದ್ರು ರೈಟರು. ಮಾಡೋಕೆ ಕೆಲಸ ಇಲ್ಲ, ಹಲಸಿನ ಮರದ ಬುಡದಲ್ಲಿ ಕೂತ್ವಿ ಎಲ್ರೂ. ಕೊಯ್ಲು ಶುರುವಾದ್ಮೇಲೆ ಹಿಂಗೆ ಹಗಲು ಹೊತ್ತಲ್ಲಿ ಕಾಲು ಚಾಚಿ ಕೂತಿದ್ದು ಇವತ್ತೇ ನೋಡಿ. ಆಮೇಲೆ ಒಂದು ಪೀಪಿ ಬಂತಲ್ಲ ಅಕ್ಕಂದು, ಅದಕ್ಕೆ ನಮ್ಮ ಅತ್ತೆ ಕುಂಟೆ ಹಿಡ್ಕೊಂಡು ಕುಣಿದ್ಲು ಸ್ವಾಮಿ! ಆ ಮುದುಕಿ ಕುಣಿದಿದ್ದು ನಾನು ಮದುವೆಯಾಗಿ ಬಂದ್ಮೇಲೆ ಕಂಡೇ ಇಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು."

ಮುಖ್ಯಸ್ಥರು ಮಂಕಿ ಕ್ಯಾಪನ್ನು ಕೈಯಲ್ಲಿ ಮುದ್ದೆಮಾಡಿ ಹಿಡಿದು ನಿಂತಿದ್ದರು.

"ಅದಕ್ಕೇ ಕೇಳೋಣ ಅಂತ. ನಾಳೆ ಮಳೆ ಎಷ್ಟು ಹೊತ್ತಿಗೆ ಬರ್ಸ್ತೀರಿ?"

ನಾನು ಅವರ ಮುಖವನ್ನೇ ನೋಡಿದೆ. ಮೊದಲು ತುಟಿ ಅದುರಿತು. ಆಮೇಲೆ ಭುಜ. ಆಮೇಲೆ ಆ ಮನುಷ್ಯ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಲೇ ರಿಸೀವರನ್ನು ನನ್ನ ಕಡೆ ಚಾಚಿದರು.

"ತಗೋಮ್ಮ, ನೀನೇ ಹೇಳು. ನಿನ್ನ ಕಾರ್ಯಕ್ರಮ ತಾನೇ?"

ರಿಸೀವರ್ ಕಿವಿಗಿಟ್ಟುಕೊಂಡೆ. ಆ ಕಡೆ ಹೆಂಗಸರು ಇನ್ನೂ ನಗುತ್ತಿದ್ದುದು ಕೇಳಿಸಿತು.

"ಹನ್ನೆರಡು ಗಂಟೆಗೆ ಅಕ್ಕ" ಎಂದೆ. "ನಾಳೆನೂ, ನಾಡಿದ್ದೂನು."