ನೀರಿನ ಹೊತ್ತು

ಆಚೆಮನೆ ಅಬ್ಬೆ ಕೈ ಮುಗಿದರೆ ಅಂಗೈಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ವರ್ಷಾನುಗಟ್ಟಲೆ ಕೊಡದ ಕಂಠ ಹಿಡಿದು ಹಿಡಿದು ಬೆರಳುಗಳು ಹಾಗೆಯೇ ಬಾಗಿ ನಿಂತಿದ್ದವು. ದೇವರ ಮುಂದೆ ನಿಂತಾಗಲೂ ಎರಡು ಕೈಗಳ ನಡುವೆ ಒಂದು ನಿಂಬೆಹಣ್ಣು ಕೂರುವಷ್ಟು ಜಾಗ ಉಳಿಯುತ್ತಿತ್ತು. ನಾನು ಹಿಲ್ಲೂರಿನ ಕಾಡಂಚಿನಿಂದ ಮದುವೆಯಾಗಿ ಹಟ್ಟಿಕೇರಿ ಬದಿಯ ಈ ಕೇರಿಗೆ ಬಂದ ದಿನ ನನ್ನ ಗಲ್ಲ ಹಿಡಿದು ನೋಡಿದ್ದು ಆ ಕೈ. ತಣ್ಣಗಿತ್ತು, ಮೂಲಂಗಿ ಸೊಪ್ಪಿನ ವಾಸನೆ ಹೊಡೆಯುತ್ತಿತ್ತು. "ಗದ್ದೆಗೆ ಬರೂದಿದ್ರೆ ಚಪ್ಪಲಿ ತೆಗ್ದಿಟ್ಟು ಬಾರೆ ತಂಗಿ" ಅಂದಳು. ಹೊಸ ಮದುವಣಗಿತ್ತಿಗೆ ಹೇಳುವ ಮಾತೇ ಅದು? ನನಗೆ ಸಿಟ್ಟು ಬಂತು.

ಅವಳು ನನ್ನ ತಾಯಿಯಲ್ಲ, ಅತ್ತೆಯೂ ಅಲ್ಲ, ಬೇಲಿಯಾಚೆಯ ಮನೆಯವಳು. ಗಂಡ ಎಂದೋ ಹೋಗಿದ್ದ, ಒಬ್ಬಳೇ ಮಗಳು ಕುಮಟೆ ಕಡೆ ಸಂಸಾರ ಮಾಡಿಕೊಂಡಿದ್ದಳು. ಇಡೀ ಕೇರಿ ಅಬ್ಬೆ ಎನ್ನುತ್ತಿತ್ತು, ನಾನೂ ಅಂದೆ. ನನಗೆ ಕಾರವಾರದಲ್ಲಿ ಗುಮಾಸ್ತೆಯ ಕೆಲಸ. ಬೆಳಿಗ್ಗೆ ಬಸ್ಸು ಹಿಡಿಯಲು ಓಡುವಾಗ ಒಮ್ಮೆ, ಸಂಜೆ ಕಾಲೆಳೆದುಕೊಂಡು ಬರುವಾಗ ಒಮ್ಮೆ ಅವಳ ಗದ್ದೆಯ ಅಂಚಿನಲ್ಲೇ ಹಾಯಬೇಕು. ಎರಡು ಹೊತ್ತೂ ಅವಳು ಅಲ್ಲಿ ಬಗ್ಗಿಯೇ ಇರುತ್ತಿದ್ದಳು.

ನಮ್ಮಲ್ಲಿ ಭತ್ತ ಕೊಯ್ದು ಗದ್ದೆ ಬರಿದಾದ ಕೂಡಲೇ ಹೆಂಗಸರು ಮಡಿ ಏರಿಸಿ ಕಾಯಿಪಲ್ಲೆ ಹಾಕುತ್ತಾರೆ. ಚಳಿಗಾಲವೇ ಅದಕ್ಕೆ ಕಾಲ. ಹರಿವೆ, ಮೂಲಂಗಿ, ಬದನೆ, ಅಲಸಂದೆ, ಬೇಲಿಗೆ ಬಸಳೆ. ಅಬ್ಬೆ ಇನ್ನೂ ಮಬ್ಬು ಇರುವಾಗಲೇ ತಲೆಗೆ ಹಳೆ ಟವೆಲು ಸುತ್ತಿಕೊಂಡು ಇಳಿಯುತ್ತಿದ್ದಳು. ಇಬ್ಬನಿ ಆರುವ ಮೊದಲೇ ಸೊಪ್ಪು ಕಿತ್ತು, ಹೊಂಡದಲ್ಲಿ ಬೇರು ತೊಳೆದು, ಬಾಳೆನಾರಿನಲ್ಲಿ ಸೂಡಿ ಕಟ್ಟಿ, ಬುಟ್ಟಿ ಹೊತ್ತು ಅಂಕೋಲೆಯ ಬಸ್ಸಿಗೆ. ಪೇಟೆಯಲ್ಲಿ ಅವಳ ಪಕ್ಕ ಕೂರುತ್ತಿದ್ದವಳು ಹಾರವಾಡದ ಬಾಯಿ, ಮೀನು ಮಾರುವವಳು. ಇವಳ ನಾಲ್ಕು ಸೂಡಿ ಅವಳಿಗೆ, ಅವಳ ಒಂದು ಹಿಡಿ ತಾರ್ಲಿ ಮೀನು ಇವಳಿಗೆ. ಇಬ್ಬರೂ ದಿನಾ ಜಗಳವಾಡುತ್ತಿದ್ದರು, ಒಬ್ಬಳು ಬಾರದ ದಿನ ಇನ್ನೊಬ್ಬಳಿಗೆ ಊಟ ಸೇರುತ್ತಿರಲಿಲ್ಲ. ಮಧ್ಯಾಹ್ನ ಬಂದು ಗಂಜಿ ಉಂಡರೆ ಮತ್ತೆ ಕಳೆ, ಮತ್ತೆ ಮಣ್ಣು. ಹೊತ್ತು ಕಡಲಬದಿಯ ಗಾಳಿಮರಗಳ ತಲೆಗೆ ಇಳಿಯಿತೋ, ಅದು ನೀರಿನ ಹೊತ್ತು.

ನೀರಿನ ಹೊತ್ತಿಗೆ ನಮ್ಮ ಕೇರಿಯಲ್ಲಿ ಇದ್ದ ಮರ್ಯಾದೆ ಯಾವ ಮುಹೂರ್ತಕ್ಕೂ ಇರಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕೂತಿರಲಿ, ಜಗಳ ಅರ್ಧಕ್ಕೆ ಬಂದಿರಲಿ, "ನೀರಿನ ಹೊತ್ತು" ಅಂದರೆ ಮುಗಿಯಿತು, ಎದ್ದು ಹೋಗಬಹುದು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಎಲ್ಲರ ಗದ್ದೆಗೂ ಒಂದೇ ಹೊಂಡ, ಹೆದ್ದಾರಿಯ ಬುಡದಲ್ಲಿ. ಮನೆಮನೆಯಿಂದ "ಬತ್ಯೇನೆ?" ಎಂದು ಕೂಗಿಕೊಂಡು, ಎರಡೆರಡು ಕೊಡ ಹಿಡಿದು ಹೆಂಗಸರು ಸಾಲಾಗಿ ಇಳಿಯುವರು. ಅಬ್ಬೆ ಬಗ್ಗಿ ಎರಡೂ ಕೊಡ ಒಮ್ಮೆಲೇ ಮುಳುಗಿಸಿ, ಮಡಿಯ ನಡುವೆ ಓಡುತ್ತಾ ನೀರು ಚೆಲ್ಲುವುದನ್ನು ನೋಡುವುದೇ ನನಗೆ ದಿನದ ಸುಖ. "ಗಿಡ ಬಾಯಿ ಬಿಟ್ಟು ಕೇಳೂದಿಲ್ಲ, ನಾವೇ ತಿಳ್ಕಣ್ಬೇಕು" ಅನ್ನುತ್ತಿದ್ದಳು.

ಆಮೇಲೆ ಅದಿರು ಲಾರಿಗಳು ಬಂದವು. ಘಟ್ಟದ ಮೇಲಿನಿಂದ ಬಂದರಿಗೆ, ಒಂದರ ಬಾಲ ಒಂದು ಹಿಡಿದು, ಹಗಲೂ ರಾತ್ರಿ. ಗಾಳಿಮರ ಕೆಂಪಾಯಿತು, ಹಂಚು ಕೆಂಪಾಯಿತು, ಒಣಗಲು ಹಾಕಿದ ಬಟ್ಟೆ ಕೆಂಪಾಯಿತು. ಕೂಸುಗಳು ಕೆಮ್ಮಿದರೆ ಕೆಂಪು ಬರುತ್ತಿತ್ತು. ಅಂಕೋಲೆಯಲ್ಲಿ ಗಿರಾಕಿಗಳು ಅಬ್ಬೆಯ ಸೊಪ್ಪನ್ನು ಉಜ್ಜಿ, ಬೆರಳು ನೋಡಿಕೊಂಡು, ಮುಂದೆ ಹೋಗತೊಡಗಿದರು. ಬರೀ ಕೆಂಪು ಹರಿವೆ ಹಾಕು, ಧೂಳು ಕಾಣುವುದಿಲ್ಲ ಎಂದು ಯಾರೋ ಉಪಾಯ ಹೇಳಿದರು. "ಕಣ್ಣಿಗೆ ಕಾಣೂದಿಲ್ಲ. ಹಲ್ಲಿಗೆ ಸಿಕ್ತದಲೆ?" ಎಂದು ಅವಳು ಉಗಿದಳು.

ರಸ್ತೆ ತಡೆಯೋಣ ಎಂದು ಮೊದಲು ಹೇಳಿದವಳೂ ಅವಳೇ. ಒಂದು ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಹೋಗಿ ಹೆದ್ದಾರಿಯಲ್ಲಿ ಚಾಪೆ ಹಾಸಿ ಕೂತರು. ಲಾರಿಗಳು ಕಣ್ಣು ಹಾಯುವಷ್ಟು ದೂರ ಸಾಲಾಗಿ ನಿಂತವು. ನಾನು ರಜೆ ಹಾಕಿ ಜೊತೆಗೆ ಕೂತೆ. ಪೊಲೀಸರು ಗದರಿದರು, ಯಾರೂ ಅಲುಗಲಿಲ್ಲ. ಬಿಸಿಲು ಸುಟ್ಟಿತು, ಅಲುಗಲಿಲ್ಲ. ಹೊತ್ತು ಗಾಳಿಮರಕ್ಕೆ ಇಳಿಯಿತು. ಒಬ್ಬಳು ಎದ್ದಳು, ಇನ್ನೊಬ್ಬಳು ಎದ್ದಳು, ಎಲ್ಲರೂ ಚಾಪೆ ಮಡಚಿ ನೀರು ಹಾಕಲು ಹೋಗಿಯೇಬಿಟ್ಟರು! ಯಾರೂ ಸೋತು ಎದ್ದದ್ದಲ್ಲ, ಸುಮ್ಮನೆ ಹೊತ್ತಾಗಿತ್ತು. ಕೊಡ ತುಂಬಿಕೊಂಡು ತಲೆ ಎತ್ತುವಷ್ಟರಲ್ಲಿ ರಸ್ತೆಯ ಮೇಲೆ ಲಾರಿಗಳು ಓಡುತ್ತಿದ್ದವು. ಮರುದಿನವೂ ಇದೇ ಕತೆ. ಲಾರಿಯ ಡ್ರೈವರುಗಳು ನಮ್ಮ ನೀರಿನ ಹೊತ್ತನ್ನು ಕಲಿತು, ಅಲ್ಲಿಯವರೆಗೆ ಲಾರಿಯಡಿ ಬಟ್ಟೆ ಹಾಸಿ ನಿದ್ದೆ ಮಾಡಿದರು. ಅದನ್ನು ನೋಡಿ ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಮೂರನೆಯ ಬೆಳಿಗ್ಗೆ ಅಬ್ಬೆ ಚಾಪೆ ಹಾಸುವ ಮೊದಲು ಹೇಳಿದಳು: "ಇವತ್ತು ಯಾರೂ ಏಳೂಕಿಲ್ಲ. ಗಿಡ ಸತ್ರೆ ಸಾಯ್ಲಿ."

ಆ ಮಾತು ಅವಳ ಬಾಯಿಂದ ಬಂದೀತೆಂದು ಕೇರಿಯಲ್ಲಿ ಯಾರೂ ನಂಬಿರಲಿಲ್ಲ. ಅಂದು ಏಳಲಿಲ್ಲ, ಮರುದಿನವೂ ಏಳಲಿಲ್ಲ. ಹಾರವಾಡದ ಬಾಯಿ ಮೀನಿನ ಬುಟ್ಟಿ ಸಮೇತ ಬಂದು ನಡುರಸ್ತೆಯಲ್ಲಿ ಕೂತಳು. ಪೊಲೀಸರು ಮೂಗು ಮುಚ್ಚಿಕೊಂಡು ದೂರ ಸರಿದರು, ಆ ಬುಟ್ಟಿ ಮಾಡಿದ ಕೆಲಸವನ್ನು ನಮ್ಮ ಘೋಷಣೆಗಳು ಮಾಡಲಿಲ್ಲ. ಆದರೆ ರಸ್ತೆಯಿಂದ ಕೆಳಗೆ ನೋಡಿದರೆ ಗದ್ದೆ. ಮೊದಲು ಹರಿವೆ ತಲೆ ಚೆಲ್ಲಿತು, ಆಮೇಲೆ ಮೂಲಂಗಿ, ಕೊನೆಗೆ ಬದನೆಯೂ. ಅಬ್ಬೆ ಗದ್ದೆಗೆ ಬೆನ್ನು ಹಾಕಿ ಕೂತಿದ್ದಳು. ಕೂತಲ್ಲೇ ಅವಳ ಬೆರಳುಗಳು ಆಡುತ್ತಿದ್ದವು.

ಆ ನಾಲ್ಕನೆಯ ದಿನದ ಸಂಜೆ, ಸರಿಯಾಗಿ ನೀರಿನ ಹೊತ್ತಿಗೆ, ಜೀಪಿನಲ್ಲಿ ಒಬ್ಬರು ಸಾಹೇಬರು ಬಂದಿಳಿದರು. ಒಳ್ಳೆಯ ಮಾತಿನವರು, ಚಾಪೆಯ ಮೇಲೆಯೇ ಕೂತರು. "ಹೇಳಿ ಅಮ್ಮ, ನಿಮಗೆ ಏನು ಬೇಕು?"

"ಲಾರಿ ಬರೂದು ಬ್ಯಾಡ" ಅಂದಳು ಅಬ್ಬೆ.

"ಅದು ನನ್ನ ಕೈಯಲ್ಲಿಲ್ಲವಲ್ಲ. ಬೇರೆ ಹೇಳಿ."

"ಹಂಗಾರೆ ಹಗಲು ಬರೂದು ಬ್ಯಾಡ."

"ಮತ್ತೆ ರಾತ್ರಿ ನೀವೆಲ್ಲ ಮಲಗಬೇಡವೇ? ಇನ್ನೊಂದು ಹೇಳಿ."

ಅಬ್ಬೆ ಆಗ ತಿರುಗಿ ಗದ್ದೆ ನೋಡಿದಳು. ಪೇಟೆಯಲ್ಲಿ ಮಧ್ಯಾಹ್ನದ ಬಸ್ಸು ಹೊರಡುವ ಮೊದಲು ಬುಟ್ಟಿಯಲ್ಲಿ ಸೂಡಿ ಉಳಿದಿದ್ದರೆ ಅವಳು ಗಿರಾಕಿ ಕೇಳಿದ ದರಕ್ಕೆ ಕೊಟ್ಟು ಎದ್ದುಬಿಡುತ್ತಿದ್ದಳು. ಮಾರುವವರಿಗೆಲ್ಲ ಇರುವ ಅಭ್ಯಾಸ ಅದು, ಬಾಡುವ ಮಾಲನ್ನು ಹಿಡಿದು ಕೂರಲು ಬರುವುದಿಲ್ಲ. ಅದೇ ಮುಖ ನನಗೆ ಅಂದು ಕಂಡಿತು.

"ಧೂಳಾರೂ ಏಳದ ಹಂಗೆ ಮಾಡಿ. ಲಾರಿಗೆ ತಾಡಪಾಲು ಹೊದ್ಸಿ, ರಸ್ತಿಗೆ ದಿನಾ ನೀರು ಹೊಡ್ಸಿ."

"ಇಷ್ಟೇ ತಾನೆ!" ಸಾಹೇಬರು ಕೂಡಲೇ ಎದ್ದು ಕೈ ಮುಗಿದರು. ಚಪ್ಪಾಳೆ ಬಿತ್ತು. ಹಾರವಾಡದ ಬಾಯಿ ಮಾತ್ರ ತಟ್ಟಲಿಲ್ಲ. "ಅಗೋ ಬಾಯೇ, ಇಷ್ಟು ಲಗೂ ಎಂತಕೆ ಕೊಟ್ಟೆ?" ಎಂದು ಅಬ್ಬೆಯನ್ನು ಕೇಳಿದಳು.

"ಗಿಡ ನೋಡೆ. ಇನ್ನೊಂದು ದಿನ ತಡೀತಿತ್ತಾ ಅದು?" ಎನ್ನುತ್ತಲೇ ಅಬ್ಬೆ ಕೊಡ ತರಲು ಓಡಿದ್ದಳು. ಅಂದು ಕತ್ತಲಾಗುವವರೆಗೂ ಹೆಂಗಸರು ನೀರು ಹಾಕಿದರು. ಗದ್ದೆಯಿಂದ ನಗು ಕೇಳಿದ್ದು ಅದೇ ಕೊನೆ.

ಸಾಹೇಬರು ಮಾತಿಗೆ ತಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಟ್ಯಾಂಕರು ಬಂತು. ಬಂದದ್ದು ನಮ್ಮ ಹೊಂಡದ ಬುಡಕ್ಕೆ, ದಪ್ಪ ಪೈಪು ಇಳಿಸಿ ಪಂಪು ಶುರು ಮಾಡಿತು. ಅಬ್ಬೆ ಸೊಂಟದ ಮಟ್ಟ ಹೊಂಡಕ್ಕೆ ಇಳಿದು ಪೈಪು ತಬ್ಬಿ ನಿಂತಳು.

"ರಸ್ತೆಗೆ ನೀರು ಹೊಡೀರಿ ಅಂತ ನೀವೇ ಕೇಳಿದ್ದಲ್ಲವಾ ಅಮ್ಮ?" ಅಂದ ಟ್ಯಾಂಕರಿನವನು.

"ನಮ್ಮ ಹೊಂಡದ್ದು ಕೇಳಿರ್ಲಿಲ್ಲ."

"ಮತ್ತೆ ಎಲ್ಲಿಂದ ತರೋದು? ಸಮುದ್ರದಿಂದ್ಲಾ?"

ಅವನು ಕೆಟ್ಟವನೇನಲ್ಲ, ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ದಿನಾ ಬಂದ, ದಿನಾ ತುಂಬಿಸಿಕೊಂಡು ಹೋಗಿ ರಸ್ತೆಗೆ ಚೆಲ್ಲಿದ. ನಮ್ಮದು ಸಮುದ್ರದ ಮಗ್ಗುಲಿನ ಊರು, ಸಿಹಿನೀರು ಇರುವುದೇ ಮೇಲೆ ಮೇಲೆ. ಅದನ್ನು ಎಳೆದು ತೆಗೆದರೆ ಅಡಿಯಿಂದ ಉಪ್ಪು ಏರುತ್ತದೆ. ಶಿವರಾತ್ರಿಯ ಹೊತ್ತಿಗೆ ಹೊಂಡದ ನೀರು ಬಾಯಿಗೆ ಹಾಕುವಂತಿರಲಿಲ್ಲ. ಹಾಕಿದ ನೀರಿಗೇ ಹರಿವೆಯ ಎಲೆಯಂಚು ಸುಟ್ಟು ಹೋಯಿತು.

ಮತ್ತೆ ರಸ್ತೆಗೆ ಕೂರೋಣ ಎಂದು ಅಬ್ಬೆ ಮನೆಮನೆಗೆ ಹೋದಳು. ಅಷ್ಟರಲ್ಲಿ ಒಂದು ಮನೆಯ ಹುಡುಗ ಲಾರಿಗೆ ಕ್ಲೀನರ್ ಆಗಿದ್ದ, ಇನ್ನೊಂದು ಮನೆಯವರು ರಸ್ತೆಬದಿ ಚಾದಂಗಡಿ ಇಟ್ಟಿದ್ದರು. ಪಕ್ಕದ ಗದ್ದೆಯವಳು, ನಲವತ್ತು ವರ್ಷ ಒಟ್ಟಿಗೆ ನೀರು ಹೊತ್ತವಳು, ಬಾಗಿಲಲ್ಲೇ ನಿಂತು "ನೀ ಬೇಡಿದ ನೀರೇ ಅಲ್ದಾ ಅಬ್ಬೆ?" ಅಂದಳು. ಬೈದದ್ದಲ್ಲ, ಮೆಲ್ಲಗೆ ಅಂದದ್ದು. ಅದು ಬೈಗುಳಕ್ಕಿಂತ ಕೆಟ್ಟದಾಗಿ ನಾಟಿತು. ಅಂದಿನಿಂದ ಅವಳನ್ನು ಯಾರೂ "ಬತ್ಯೇನೆ?" ಎಂದು ಕೂಗಲಿಲ್ಲ.

ಒಂದು ದಿನ ಹೊಂಡದ ನೀರನ್ನು ಬ್ರಾಂಡಿ ಬಾಟಲಿಯಲ್ಲಿ ತುಂಬಿಕೊಂಡು ನನ್ನ ಜೊತೆ ಕಾರವಾರಕ್ಕೆ ಬಂದಳು. ಬೇರೆ ಬಾಟಲಿ ಸಿಕ್ಕಿರಲಿಲ್ಲ. ಜಿಲ್ಲಾ ಕಚೇರಿಯ ಜವಾನ ಮೂಸಿ ನೋಡಿಯೇ ಒಳಗೆ ಬಿಟ್ಟ. ಒಳಗಿನವರು "ಇಟ್ಟು ಹೋಗಿ, ಪರೀಕ್ಷೆಗೆ ಕಳಿಸುತ್ತೇವೆ" ಅಂದರು.

"ನಾಲಗೆ ಇಲ್ವಾ ನಿಮ್ಗೆ? ಒಂದು ಗುಟುಕು ಕುಡ್ದು ನೋಡಿ."

ಅವರು ಫೈಲು ತೆರೆದರು. ಅಬ್ಬೆ ಬಾಟಲಿ ಎತ್ತಿ ತಾನೇ ಗಟಗಟ ಕುಡಿದಳು. ಮೆಟ್ಟಿಲು ಇಳಿಯುವಷ್ಟರಲ್ಲಿ ಎಲ್ಲವೂ ವಾಂತಿಯಾಯಿತು. ಅವಳ ಬಾಯಿ ಒರೆಸಿ ಕಡಲ ದಂಡೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ಸಮುದ್ರ ನೋಡುತ್ತಾ, "ಇಷ್ಟು ನೀರು ಇಟ್ಕಂಡು ಇದ್ಕೆ ನಮ್ಮ ಹೊಂಡ ಎಂತಕೆ ಬೇಕಿತ್ತೆ ತಂಗಿ?" ಎಂದು ಕೇಳಿದಳು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

ಮುಂದಿನ ಚಳಿಗಾಲ ಅವಳು ಮಡಿ ಏರಿಸಲಿಲ್ಲ. ಬುಟ್ಟಿಯಿಲ್ಲದೆ ಅಂಕೋಲೆಗೆ ಹೋಗಿ ಹಾರವಾಡದ ಬಾಯಿಯ ಪಕ್ಕ ಕೂತು ಬರುತ್ತಿದ್ದಳು. ಗಿರಾಕಿಗಳು ಘಟ್ಟದ ಮೇಲಿನ ಕೋಸುಗಡ್ಡೆ ಹಿಡಿದು ಮುಂದೆ ಹಾಯುತ್ತಿದ್ದರು. ಜ್ವರ ಹಿಡಿದದ್ದು ಆಗಲೇ. ಮಗಳು ಬಂದು ಆರೈಕೆ ಮಾಡಿದಳು, ಔಷಧಿ ತಂದಳು, ಇಳಿಯಲಿಲ್ಲ. ಒಂದು ಸಂಜೆ ಅಬ್ಬೆ ನನ್ನ ಕೈ ಹಿಡಿದು ಅಂದಳು: "ಎಂತ ಬೇಕು ಹೇಳಿ ಅಂದ್ರು. ನಂಗೆ ಹೇಳುಕೆ ಬರ್ಲಿಲ್ಲ."

"ತಪ್ಪು ನಿಂದಲ್ಲ ಅಬ್ಬೆ" ಅಂದೆ.

"ನೀ ಹೇಳೂದಲ್ಲ. ಕೇರಿಯೋರು ಹೇಳ್ಲಿ."

ಅವಳು ಹೋದ ದಿನ ಕೇರಿಯವರೆಲ್ಲ ಬಂದರು. ಎದೆ ಬಡಿದುಕೊಂಡು ಅತ್ತರು. ಪಕ್ಕದ ಗದ್ದೆಯವಳು ಹೆಣದ ಕಾಲು ಬಿಡಲೇ ಇಲ್ಲ. ಆದರೆ ಆ ಒಂದು ಮಾತು ಯಾರ ಬಾಯಲ್ಲೂ ಬರಲಿಲ್ಲ. ಕೆಲವು ವರ್ಷಗಳಲ್ಲಿ ಲಾರಿಗಳೂ ನಿಂತವು. ಯಾರೋ ಎಲ್ಲಿಂದಲೋ ನಿಲ್ಲಿಸಿದರು, ನಮ್ಮನ್ನು ಕೇಳಿ ಅಲ್ಲ. ಹೊಂಡ ಈಗಲೂ ಉಪ್ಪು.

ಈಚೆಗೆ ಯಾವುದೋ ಹೊಸ ಯೋಜನೆಗೆಂದು ಕೇರಿಗೆ ಜಾಗ ಅಳೆಯುವವರು ಬಂದಿದ್ದರು. ಸಂಜೆಯ ಹೊತ್ತು. ಹೆಂಗಸರೆಲ್ಲ ದಣಿದು ಜಗಲಿಯಲ್ಲಿ ಕೂತಿದ್ದರು. ಒಳ್ಳೆಯ ಮಾತಿನವರೇ ಅವರೂ. "ನಿಮಗೆ ಏನು ಬೇಕು, ಹೇಳಿ" ಎಂದು ನಯವಾಗಿ ಕೇಳಿದರು. ಒಬ್ಬಿಬ್ಬರು ಬಾಯಿ ತೆರೆಯುವಷ್ಟರಲ್ಲಿ ನಾನು ಎದ್ದು ನಿಂತೆ. "ಈಗ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಬನ್ನಿ" ಅಂದೆ. ನೀರಿನ ಹೊತ್ತಿನಲ್ಲಿ ದರ ಹೇಳಬಾರದು, ಅಬ್ಬೆಯಿಂದ ನಾನು ಕಲಿತದ್ದು ಇಷ್ಟೇ, ಅದಕ್ಕೆ ಅವಳು ಕೊಟ್ಟ ಬೆಲೆ ದೊಡ್ಡದು. ಮರುದಿನ ಬೆಳಗಿನಿಂದ ಎಲ್ಲರೂ ಜಗಲಿಯಲ್ಲಿ ಕಾದೆವು. ಯಾರೂ ಬರಲಿಲ್ಲ. ಹೊತ್ತು ಇಳಿದ ಮೇಲೆ ಬಂದರು. ನಾನು ಮತ್ತೆ ಅದನ್ನೇ ಹೇಳಿದೆ.