ಕೆಂದಿಯ ಮೇಲಿನ ಹಲ್ಲು

ಆಗೆಲ್ಲ ಮಾಯಸಂದ್ರದ ಕಡೆಯ ನಮ್ಮೂರಿನಲ್ಲಿ ದನವೂ ಜನವೂ ಒಂದೇ ಸೂರಿನಡಿ ಮಲಗುತ್ತಿದ್ದೆವು. ಅಟ್ಟದ ಮೇಲೆ ಒಣಗುವ ಕೊಬ್ಬರಿಯ ವಾಸನೆ, ಕೆಳಗೆ ಸಗಣಿಯ ವಾಸನೆ, ನಡುವೆ ನಾವು. ನಾನಿನ್ನೂ ಎರಡನೇ ಕ್ಲಾಸು. ನಮ್ಮ ಹಸು ಕೆಂದಿ ಎಂದರೆ ನನಗೆ ಪ್ರಾಣ.

ಬೇಸಿಗೆ ರಜದಲ್ಲಿ ಒಂದು ದಿನ ಪ್ರೀತಿ ಉಕ್ಕಿ, ಇಡೀ ಉಂಡೆ ಕೊಬ್ಬರಿಯೊಂದನ್ನು ಕದ್ದು ತಂದು ಕೆಂದಿಯ ಬಾಯಿಗಿಟ್ಟೆ. ಅದು ಹೊರಳಿಸಿ ಹೊರಳಿಸಿ ಕೆಳಗೆ ಬೀಳಿಸಿತು. ಮೂತಿ ಎತ್ತಿದಾಗ ಇಣುಕಿದೆ. ಕೆಳಗೆ ಸಾಲಾಗಿ ಹಲ್ಲು. ಮೇಲೆ ಮುಂದುಗಡೆ ಒಂದೂ ಇಲ್ಲ! ಕಲ್ಲಿನಂಥ ಕೊಬ್ಬರಿ ಕೊಟ್ಟು ನಾನೇ ಮುರಿದೆ ಅಂದುಕೊಂಡೆ. ಗೋದಲಿಯಲ್ಲೆಲ್ಲ ಹಲ್ಲು ಹುಡುಕಿದೆ. ಸಿಗದಿದ್ದಾಗ, ನುಂಗಿಬಿಟ್ಟಿದೆ ಎಂದು ಇನ್ನೂ ಹೆದರಿದೆ.

ಕೆಂದಿ ಹುಲ್ಲು ತಿನ್ನುತ್ತಲೇ ಇತ್ತು. ಪಾಪ, ನೋವು ತಡೆದುಕೊಂಡು ತಿನ್ನುತ್ತಿದೆ ಅನ್ನಿಸಿತು. ನಮ್ಮಜ್ಜಿಗೂ ಹಲ್ಲಿರಲಿಲ್ಲ, ಮುದ್ದೆ ನುಂಗಿಯೇ ಗಟ್ಟಿಮುಟ್ಟಾಗಿದ್ದಳು. ಸರಿ, ನನ್ನ ಪಾಲಿನ ಮುದ್ದೆಯನ್ನು ಲಂಗದಲ್ಲಿ ಮುಚ್ಚಿಕೊಂಡು ದಿನಾ ಮಧ್ಯಾಹ್ನ ಕೆಂದಿಗೆ ಒಯ್ದೆ. ಮೂರನೇ ದಿನ ಅಜ್ಜಿ ಹಿಡಿದಳು.

"ಏನೇ ಅದು ಲಂಗದಾಗೆ?"

"ಕೆಂದಿ ಹಲ್ಲು ಮುರಿದಾಕಿದೀನಿ ಕಣಜ್ಜಿ. ಸತ್ತೋಯ್ತದೆ," ಎಂದು ಗೊಳೋ ಎಂದು ಅತ್ತೆ.

ಅಜ್ಜಿ ನಗಲಿಲ್ಲ. ಕೆಂದಿಯ ತುಟಿ ಎತ್ತಿ, ನನ್ನ ಬೆರಳನ್ನು ಮೇಲಿನ ವಸಡಿಗೆ ಒತ್ತಿದಳು. ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ.

"ಯಾವ ದನಕ್ಕೂ ಮ್ಯಾಲೆ ಮುಂದಲ್ಲು ಇರಾಕಿಲ್ಲ ಕಣೇ. ಹುಲ್ಲ ನಾಲ್ಗೇಲಿ ಎಳ್ಕಂಡು, ಕೆಳಗಿನ ಹಲ್ಲ ಇದಕ್ಕೊತ್ತಿ ಕಿತ್ಕಂತದೆ. ಅಗಿಯಾಕೆ ಹಿಂದೆ ದವಡೆ ಹಲ್ಲವೆ, ಬೀಸೋ ಕಲ್ಲಿದ್ದಂಗೆ. ನಾಯಿಗೆ ಮಾಂಸ ಸೀಳಾಕೆ ಕೋರೆ. ಅಳಿಲಿಗೆ ಕಾಯಿ ಕೊರೆಯಾಕೆ ಬಾಚಲ್ಲು. ಅಳಬ್ಯಾಡ ಬುಡು."

ಅಳು ನಿಂತಿತು, ಬೆರಗು ಹಿಡಿಯಿತು. ಉಳಿದ ರಜೆಯೆಲ್ಲ ಕಂಡಕಂಡ ಬಾಯಿ ನೋಡುವುದೇ ಕೆಲಸ. ನಾಯಿ ಯಾವಾಗ ಆಕಳಿಸೀತೆಂದು ಎದುರಿಗೇ ಕೂತು ಕಾದೆ. ಅಳಿಲು ಕೊರೆದು ಬೀಳಿಸಿದ ಎಳೆಗಾಯಿಗಳ ಮೇಲಿನ ಹಲ್ಲಿನ ಗೀರುಗಳನ್ನು ಸವರಿದೆ. ಕೊನೆಗೆ ಕನ್ನಡಿಯ ಮುಂದೆ ನನ್ನದೇ ಬಾಯಿ ತೆರೆದೆ. ಮುಂದೆ ಅಳಿಲು, ಪಕ್ಕದಲ್ಲಿ ನಾಯಿ, ಹಿಂದೆ ಕೆಂದಿ! ಎಲ್ಲರೂ ನನ್ನೊಳಗೇ ಇದ್ದರು.

ಈಗ ಕೊಟ್ಟಿಗೆ ಇದ್ದಲ್ಲಿ ಬೈಕು ನಿಲ್ಲುತ್ತದೆ. ನಮ್ಮ ಮಕ್ಕಳು ಹಸುವಿನ ಬಾಯಿಗೆ ಕೈ ಹಾಕಿದವರಲ್ಲ. ಅದಕ್ಕೆ ಬೇಸರವಿದೆ, ಆದರೆ ನನಗಾದ ನಷ್ಟ ಬೇರೆಯೇ. ಆಮೇಲೆ ಬದುಕಿನಲ್ಲಿ ನನ್ನ ಕೈಯಿಂದ ಏನೇನೋ ಮುರಿದವು. ಪ್ರತಿಸಲವೂ, ಕೆಂದಿಯ ಹಲ್ಲಿನ ಹಾಗೆ ಇದೂ ಮುರಿದಿರಲಿಕ್ಕಿಲ್ಲ ಎಂಬ ಆಸೆಯಿಂದ ಮುಟ್ಟಿ ನೋಡಿದ್ದೇನೆ. ಅವೆಲ್ಲ ನಿಜವಾಗಿಯೇ ಮುರಿದಿದ್ದವು.